ಖಾಲಿ ಕೇಸ್ ತೋರಿಸಿದ ದೋಷ: ಹಳೇ 742 ರೈಫಲ್ ರಿಪೇರಿಯ ನನ್ನ ಅನುಭವ

ಅಮೆರಿಕದ ಮಿಶಿಗನ್‌ನಲ್ಲಿ ನವೆಂಬರ್ 15ಕ್ಕೆ ಬಂದೂಕಿನ ಜಿಂಕೆ ಬೇಟೆಯ ಸೀಸನ್ ಶುರು. ಆ ವರ್ಷ ಅದಕ್ಕೆ ಇನ್ನು ಐದು ವಾರ ಇದ್ದಾಗ ನನ್ನ ರೈಫಲ್ ಕೈಕೊಟ್ಟಿತು. ರೆಮಿಂಗ್ಟನ್ 742 ವುಡ್ಸ್‌ಮಾಸ್ಟರ್, .30-06 ತೋಟಾದ್ದು. 1960ರಿಂದ 1980ರವರೆಗೆ ತಯಾರಾದ ಸೆಮಿ ಆಟೋಮ್ಯಾಟಿಕ್, ಅಂದರೆ ಒಂದು ಗುಂಡು ಹೋದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವಂಥದ್ದು. ನಮ್ಮ ಪಕ್ಕದ ರಸ್ತೆಯ ಹಿರಿಯರೊಬ್ಬರಿಂದ ಕೊಂಡಿದ್ದೆ. ಅವರ ಮನೆಯ ನೆಲಮಾಳಿಗೆಯಲ್ಲಿ ಅದು ವರ್ಷಗಟ್ಟಲೆ ಸುಮ್ನೆ ನಿಂತಿತ್ತು.

ರೇಂಜಿನಲ್ಲಿ ಮೊದಲ ಗುಂಡು ಚೆನ್ನಾಗಿಯೇ ಹೋಯಿತು. ಎರಡನೆಯದಕ್ಕೆ ಟ್ರಿಗರ್ ಎಳೆದರೆ ಏನೂ ಇಲ್ಲ. ನೋಡಿದರೆ ಮೊದಲನೇ ತೋಟಾದ ಖಾಲಿ ಕೇಸ್, ಅಂದರೆ ಗುಂಡು ಹೋದ ಮೇಲೆ ಉಳಿಯುವ ಹಿತ್ತಾಳೆ ಕೊಳವೆ, ಚೇಂಬರಿನಲ್ಲೇ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಕಚ್ಚಿಕೊಂಡಿತ್ತು. ಎರಡನೇ ತೋಟಾದ ಮೂತಿ ಅದರ ಬೆನ್ನಿಗೆ ಗುದ್ದಿ ನಿಂತಿತ್ತು. ನಳಿಗೆಯನ್ನು ಟಾರ್ಗೆಟ್ ಕಡೆಗೇ ಹಿಡಿದು ಮ್ಯಾಗಜಿನ್ ತೆಗೆದೆ, ಸಿಕ್ಕಿಕೊಂಡಿದ್ದ ತೋಟಾ ಬಿಡಿಸಿದೆ. ಒಳಗಿರುವುದು ಖಾಲಿ ಕೇಸೇ ಅಂತ ಟಾರ್ಚ್ ಹಾಕಿ ಖಾತ್ರಿ ಮಾಡಿಕೊಂಡೆ. ಬುಡದ ಕ್ಯಾಪಿನಲ್ಲಿ ಪಿನ್ ಹೊಡೆದ ಗುಳಿ ಕಾಣುತ್ತದೆ. ಕ್ಯಾಪ್‌ಗೆ ಪೆಟ್ಟು ಬಿದ್ದಿದೆ ಅಂದ ಮಾತ್ರಕ್ಕೆ ಗುಂಡು ಹೋಗಿದೆ ಅಂತಲ್ಲ, ಹಾಗಾಗಿ ಟಾರ್ಗೆಟ್‌ನ ತೂತನ್ನೂ ನೋಡಿದೆ. ಆಮೇಲೆ ನಳಿಗೆಯ ಬಾಯಿಯಿಂದ ಕ್ಲೀನಿಂಗ್ ರಾಡ್ ಇಳಿಸಿ ಮೆಲ್ಲಗೆ ತಟ್ಟಿದೆ. ಕೇಸ್ ಹೊರಗೆ ಬಿತ್ತು.

ಗೊತ್ತಿದ್ದವರು ಎಲ್ಲರೂ ಎಕ್ಸ್‌ಟ್ರಾಕ್ಟರ್, ಅಂದರೆ ಖಾಲಿ ಕೇಸನ್ನು ಹಿಡಿದು ಹೊರಗೆಳೆಯುವ ಕೊಕ್ಕೆ, ಬದಲಿಸು ಅಂದರು. ನಾನೂ ಆರ್ಡರ್ ಮಾಡಲು ಹೊರಟಿದ್ದೆ. ಅಷ್ಟರಲ್ಲಿ ಆ ಕೇಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬುಡದ ಅಂಚಿನಲ್ಲಿ ಅರ್ಧಚಂದ್ರದಂತೆ ಹಿತ್ತಾಳೆ ಕಿತ್ತುಹೋಗಿತ್ತು. ಅಂದರೆ ಎಕ್ಸ್‌ಟ್ರಾಕ್ಟರ್ ಬಿಟ್ಟುಕೊಟ್ಟಿಲ್ಲ, ಗಟ್ಟಿಯಾಗಿ ಹಿಡಿದು ಎಳೆದಿದೆ. ಕೇಸೇ ಬರಲಿಲ್ಲ. ಮೈಮೇಲೆ ಬೆರಳಾಡಿಸಿದರೆ ಉದ್ದಕ್ಕೆ ಗೀರುಗಳು, ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಉಬ್ಬುಗಳು. ಹೊಸ ತೋಟಾದ ಮೈ ಗಾಜಿನಂತೆ ನುಣುಪು. ಹಾಗಾದರೆ ಈ ಉಬ್ಬುಗಳ ಅಚ್ಚು ಎಲ್ಲಿಂದ ಬಂತು? ಚೇಂಬರಿನ ಗೋಡೆಯಲ್ಲಿ ಗುಳಿಗಳಿರಬೇಕು, ಅಲ್ವಾ?

ಖಾಲಿ ಮ್ಯಾಗಜಿನ್ ಹಾಕಿ ಬೋಲ್ಟನ್ನು (ಚೇಂಬರಿನ ಹಿಂಬದಿ ಮುಚ್ಚುವ, ಹಿಂದೆ ಮುಂದೆ ಓಡುವ ಭಾಗ) ಹಿಂದಕ್ಕೆ ನಿಲ್ಲಿಸಿ, ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿಯಲ್ಲಿ ಇಣುಕಿದೆ. ನಳಿಗೆ ಥಳಥಳ. ಚೇಂಬರ್ ಮಾತ್ರ ಹಳೇ ಬಾಣಲೆಯ ತಳದ ಹಾಗೆ ಕಪ್ಪು, ನಡುನಡುವೆ ಕಂದು ತುಕ್ಕು. ಕಾರಣ ಸರಳ. ಈ ರೈಫಲ್ಲಿನ ಹಿಂಬದಿ ಮುಚ್ಚಿರುತ್ತದೆ, ಆದ್ದರಿಂದ ಎಲ್ಲರೂ ನಳಿಗೆಯ ಬಾಯಿಯಿಂದಲೇ ಬ್ರಷ್ ಹಾಕುತ್ತಾರೆ. .30-06 ಗುಂಡಿನ ಅಗಲ 7.8 ಮಿ.ಮೀ. ತೋಟಾದ ಬುಡದ ಅಗಲ ಸುಮಾರು 12 ಮಿ.ಮೀ. ನಳಿಗೆಗೆ ಸರಿಯಾಗುವ ಬ್ರಷ್ ಚೇಂಬರಿಗೆ ಬಂದಾಗ ಗೋಡೆಯನ್ನು ಮುಟ್ಟುವುದೇ ಇಲ್ಲ. ಅಷ್ಟು ವರ್ಷ ಅದನ್ನು ಶ್ರದ್ಧೆಯಿಂದಲೇ ಕ್ಲೀನ್ ಮಾಡಿದ್ದರು, ಚೇಂಬರ್ ಒಂದನ್ನು ಬಿಟ್ಟು.

ಚೇಂಬರಿಗೇ ಅಂತ ದಪ್ಪನೆಯ ಕಂಚಿನ ಬ್ರಷ್ ಸಿಗುತ್ತದೆ. ಬಗ್ಗುವ ಕಂಬಿಗೆ ಅದನ್ನು ಸಿಕ್ಕಿಸಿ, ಕೇಸ್ ಹೊರಬೀಳುವ ಕಿಂಡಿಯಿಂದ ಒಳಗೆ ತೂರಿಸಿದೆ. ಸಾಲ್ವೆಂಟ್ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ರೈಫಲ್ಲನ್ನು ತಲೆಕೆಳಗಾಗಿ ಹಿಡಿದು, ಕೊಳೆ ಒಳಗಿನ ಭಾಗಗಳಿಗೆ ಇಳಿಯದ ಹಾಗೆ, ಬ್ರಷ್ ತಿರುಗಿಸಿದೆ. ಬಟ್ಟೆ ಮೊದಲು ಕಪ್ಪಾಗಿ ಬಂತು, ಆಮೇಲೆ ಇಟ್ಟಿಗೆ ಕೆಂಪು. ಮೂರು ದಿನ ಹೀಗೇ ಮಾಡಿದೆ. ಕೊನೆಗೂ ಸ್ವಲ್ಪ ತರಿ ಉಳಿಯಿತು. ಅಲ್ಲಿಗೆ ನಾನು ಕೈ ನಿಲ್ಲಿಸಿದೆ. ಡ್ರಿಲ್‌ಗೆ ಎಮರಿ ಕಾಗದ ಸುತ್ತಿ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ಚೇಂಬರ್ ಕೂದಲೆಳೆಯಷ್ಟು ಅಗಲವಾದರೂ ಕೇಸ್ ಬಿರಿಯಬಹುದು, ಆ ಬಿಸಿ ಗ್ಯಾಸ್ ಮುಖದ ಹತ್ತಿರವೇ ಬಿಡುಗಡೆಯಾಗುತ್ತದೆ. ಪಾಲಿಶ್ ಕೆಲಸವನ್ನು ಗನ್‌ಸ್ಮಿತ್‌ಗೆ ಕೊಟ್ಟೆ. ಅಳತೆಯನ್ನೂ ಅವರೇ ಪರೀಕ್ಷಿಸಿ ಕೊಟ್ಟರು.

ಇನ್ನೊಂದು ತಪ್ಪು ನನ್ನದೇ, ಊರಿನ ಅಭ್ಯಾಸದಿಂದ ಬಂದದ್ದು. ನಾನು ಕೊಡಗಿನವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತರೂ ಮನೆಯ ಜೋಡಿ ನಳಿಗೆ ಕೋವಿ ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಪ್ರತಿವರ್ಷ ಹೊರಗೆ ಬರುತ್ತದೆ. ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವ ಮುಂಚೆ ಅಜ್ಜ ಅದನ್ನು ನನ್ನ ಕೈಲಿ ಎಣ್ಣೆ ಬಟ್ಟೆಯಲ್ಲಿ ಒರೆಸಿಸುತ್ತಿದ್ದರು. “ಎಣ್ಣೆ ಕಾಣಬೇಕು ಮಗಾ” ಅನ್ನುತ್ತಿದ್ದರು. ಮಡಚುವ ಕೋವಿಗೆ, ನಮ್ಮ ಮಳೆಗಾಲಕ್ಕೆ ಆ ಮಾತು ಸರಿ. ಗ್ಯಾಸಿನಿಂದ ನಡೆಯುವ 742ಗೆ ಅಲ್ಲ, ನಾನು ಮಾತ್ರ ಅದಕ್ಕೂ ಹಾಗೇ ಎಣ್ಣೆ ಹಚ್ಚಿದ್ದೆ. ಗುಂಡು ಹೋದಾಗ ನಳಿಗೆಯ ಸಣ್ಣ ತೂತಿನಿಂದ ಬರುವ ಗ್ಯಾಸೇ ಬೋಲ್ಟನ್ನು ಹಿಂದಕ್ಕೆ ತಳ್ಳುವುದು. ಅಲ್ಲಿ ಎಣ್ಣೆ ಇದ್ದರೆ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ನಳಿಗೆಯ ಕೆಳಗೆ ಕೈ ಹಿಡಿಯುವ ಮುಂಗೈ ಮರದ ಸ್ಕ್ರೂ ಬಿಚ್ಚಿ ನೋಡಿದರೆ ಅಲ್ಲೂ ಮಸಿ ಪದರ ಕಟ್ಟಿತ್ತು. ಅದನ್ನು ಕೆರೆದು, ಒರೆಸಿ, ಒಣಗಿಸಿಯೇ ಬಿಟ್ಟೆ. ತೂತನ್ನು ಮಾತ್ರ ಕೊರೆದು ದೊಡ್ಡದು ಮಾಡಬಾರದು. ಆಗ ಬೋಲ್ಟ್ ಜಾಸ್ತಿ ಜೋರಾಗಿ ಹಿಂದಕ್ಕೆ ಬಡಿಯುತ್ತದೆ.

ಮ್ಯಾಗಜಿನ್ ವಿಷಯ ಬೇಗ ಮುಗಿಯಿತು. ಜೊತೆಗೆ ಬಂದದ್ದು ಬೇರೆ ಕಂಪನಿ ಮಾಡಿದ್ದು, ತೋಟಾ ಹಿಡಿದಿಡುವ ಮೇಲಿನ ತುಟಿ ಬಗ್ಗಿತ್ತು. ನಾಲ್ಕು ತೋಟಾ ಹಿಡಿಯುವ ಮೂಲ ಮ್ಯಾಗಜಿನ್ ತಂದೆ.

ಹಳೇ 742 ಕೊಳ್ಳುವವರು ಹಣ ಕೊಡುವ ಮುಂಚೆ ನೋಡಬೇಕಾದ್ದು ಒಳಗಿನ ರೈಲು. ಬೋಲ್ಟ್ ಓಡಾಡುವ ಆ ಎರಡು ಅಂಚುಗಳಲ್ಲಿ ಹಲ್ಲು ಹಲ್ಲಾಗಿ ಕಚ್ಚು ಬಿದ್ದಿದ್ದರೆ ಬಿಟ್ಟುಬಿಡಿ. ಚೇಂಬರ್ ಸರಿಮಾಡಬಹುದು, ಸ್ಪ್ರಿಂಗ್ ಬದಲಿಸಬಹುದು, ತಿಂದುಹೋದ ರೈಲಿಗೆ ಮಾಡುವಂಥದ್ದೇನೂ ಇಲ್ಲ. ನನ್ನದರಲ್ಲಿ ಮೇಲ್ಮೇಲೆ ಗುರುತು ಮಾತ್ರ ಇತ್ತು. ಹಳೇ ಗ್ರೀಸೆಲ್ಲ ತೆಗೆದು ತೆಳು ಎಣ್ಣೆ ಎರಡು ಹನಿ ಹಾಕಿದೆ. ಇಲ್ಲಿನ ಚಳಿಯಲ್ಲಿ ಗ್ರೀಸ್ ಅಂಟಾಗಿ ಬೋಲ್ಟ್ ನಿಧಾನವಾಗುತ್ತದೆ.

ನವೆಂಬರ್ ಮೊದಲ ವಾರ ಮತ್ತೆ ರೇಂಜಿಗೆ ಹೋದೆ. ಮೊದಲು ಮ್ಯಾಗಜಿನ್ನಿಗೆ ಒಂದೇ ತೋಟಾ ಹಾಕಿ ನೋಡಿದೆ. ಆಮೇಲೆ ಎರಡು, ಆಮೇಲೆ ನಾಲ್ಕು. ಒಟ್ಟು 40. ಒಂದೂ ಕಚ್ಚಿಕೊಳ್ಳಲಿಲ್ಲ. ಹುಲ್ಲಿನಲ್ಲಿ ಬಿದ್ದ ಕೇಸ್‌ಗಳನ್ನು ಹೆಕ್ಕಿ ಒಂದೊಂದರ ಅಂಚನ್ನೂ ಉಗುರಿನಲ್ಲಿ ಸವರಿ ನೋಡಿದೆ. ಎಲ್ಲೂ ಕಿತ್ತಿರಲಿಲ್ಲ. ಮೈಮೇಲಿನ ಉಬ್ಬುಗಳೂ ಮಾಯ, ಒಂದೆರಡು ಸಣ್ಣ ಗೀರು ಮಾತ್ರ. ಮನೆಗೆ ಬಂದವನು ಊಟಕ್ಕೂ ಮುಂಚೆ ಚೇಂಬರ್ ಬ್ರಷ್ ಕೈಗೆತ್ತಿಕೊಂಡೆ.