ತಾತನ ರೇಜರ್ ಡಬ್ಬಿ ಸಿಕ್ತಾ? ಮೊದಲು ಸಬೀನಾ ದೂರ ಇಡಿ

ಅಟ್ಟ ಕ್ಲೀನ್ ಮಾಡುವಾಗಲೋ ಭಾನುವಾರದ ಗುಜರಿ ಸಂತೇಲೋ ಅಂಗೈಯಷ್ಟಗಲದ ಒಂದು ಡಬ್ಬಿ ಸಿಗತ್ತೆ, ತೆಗೆದ್ರೆ ಒಳಗೆ ಬಣ್ಣ ಮಾಸಿದ ಮಖಮಲ್ಲು, ಅದರ ಗುಳಿಯಲ್ಲಿ ಮೂರು ತುಂಡಾಗಿ ಬಿಚ್ಚೋ ಜಿಲೆಟ್ ರೇಜರ್. ಎಲ್ರೂ ರೇಜರ್ ಎತ್ಕೊಂಡು ಫಳಫಳ ಅನ್ನಿಸೋಕೆ ಹೊರಡ್ತಾರೆ, ಡಬ್ಬಿ ಮೂಲೆಗೆ. ನನ್ ಪ್ರಕಾರ ಉಲ್ಟಾ ಆಗ್ಬೇಕು. ರೇಜರ್ ಹಿತ್ತಾಳೇದು, ಹೇಗಿದ್ರೂ ಮತ್ತೆ ಪ್ಲೇಟಿಂಗ್ ಮಾಡಿಸಬಹುದು, ಡಬ್ಬಿ ಒಂದ್ಸಲ ಕೆಟ್ರೆ ಮುಗೀತು. ರೇಜರ್‌ಗಳೇನೂ ಅಪರೂಪ ಅಲ್ಲ ಬಿಡಿ. 1903ರಲ್ಲಿ ಮಾರಾಟ ಆಗಿದ್ದು ಬರೀ 51 ಇದ್ರೂ ಮೊದಲ ಮಹಾಯುದ್ಧದಲ್ಲಿ ಅಮೆರಿಕನ್ ಸೈನಿಕರಿಗೇ ಸುಮಾರು 35 ಲಕ್ಷ ಹೋಯ್ತು, ಆದ್ರೆ ಡಬ್ಬಿ ಸಮೇತ ಉಳಿದಿರೋದು ಕಮ್ಮಿ.

ಮೊದಲ ಕೆಲಸ, ಒಳಗೆ ಹಳೇ ಬ್ಲೇಡ್ ಇದ್ಯಾ ನೋಡಿ. 60ರ ದಶಕಕ್ಕಿಂತ ಹಿಂದಿನವು ಹೆಚ್ಚಿನವು ಕಾರ್ಬನ್ ಸ್ಟೀಲ್, ತುಕ್ಕು ಹಿಡಿದು ಮಖಮಲ್ಲಿಗೇ ಅಂಟ್ಕೊಂಡಿರತ್ತೆ, ಬೆರಳಲ್ಲಿ ಕೀಳೋಕೆ ಹೋಗ್ಬೇಡಿ, ಚಿಮಟ ಉಪಯೋಗಿಸಿ.

ಆಮೇಲೆ ಡಬ್ಬಿ ಯಾವುದರದ್ದು ಅಂತ ಗೊತ್ತು ಮಾಡ್ಕೊಳಿ, ಯಾಕಂದ್ರೆ ಒಂದಕ್ಕೆ ಮಾಡೋದು ಇನ್ನೊಂದಕ್ಕೆ ವಿಷ. ಮರದ ಪೆಟ್ಟಿಗೆ ಮೇಲೆ ಚರ್ಮ ಸುತ್ತಿರಬಹುದು, ಬೆಳ್ಳಿ ಅಥವಾ ನಿಕ್ಕಲ್ ಪ್ಲೇಟಿಂಗ್ ಇರೋ ಲೋಹ ಇರಬಹುದು, ಇಲ್ಲಾಂದ್ರೆ ಬೇಕಲೈಟ್. ಬೇಕಲೈಟ್ ಅಂದ್ರೆ ನಮ್ ಹಳೇ ಮನೆಗಳ ಕರೀ ಗುಂಡು ಸ್ವಿಚ್ ಇರ್ತಿತ್ತಲ್ಲ, ಅದೇ ವಸ್ತು. ಹೆಬ್ಬೆರಳಲ್ಲಿ ಬಿಸಿಯಾಗೋವರೆಗೂ ಉಜ್ಜಿ ಮೂಸಿದ್ರೆ ಆಸ್ಪತ್ರೆ ಫಿನಾಯ್ಲ್ ಥರದ ಘಾಟು ಬರತ್ತೆ. ಕರ್ಪೂರದ ವಾಸನೆ ಬಂದ್ರೆ ಅದು ಸೆಲ್ಯುಲಾಯ್ಡ್ ಅನ್ನೋ ಬೇಗ ಹೊತ್ಕೊಳ್ಳೋ ಹಳೇ ಪ್ಲಾಸ್ಟಿಕ್, ಬೆಂಕಿ ಹತ್ತಿರಕ್ಕೂ ತರಬೇಡಿ. ಬಿಸಿ ಸೂಜಿ ಚುಚ್ಚಿ ನೋಡಿ ಅಂತ ಕೆಲವರು ಹೇಳ್ತಾರೆ, ಆ ಸಾಹಸ ಬೇಡ.

ಯಾವ ಡಬ್ಬಿಯಾದ್ರೂ ಒಳಗಿಂದಲೇ ಶುರು ಮಾಡಿ, ಒಣಗಿರುವಾಗಲೇ. ಮೆತ್ತನೆ ಪೇಂಟ್ ಬ್ರಷ್‌ನಲ್ಲಿ ಧೂಳು ಎಬ್ಬಿಸಿ, ವ್ಯಾಕ್ಯೂಮ್ ಇದ್ರೆ ಬಾಯಿಗೆ ತೆಳು ಬಟ್ಟೆ ಕಟ್ಟಿ ಕಮ್ಮಿ ಸ್ಪೀಡಲ್ಲಿ ಹಿಡೀರಿ. ಮಖಮಲ್ಲು ಕೂತೋಗಿದ್ರೆ ಕೆಟಲ್ ಹಬೇನ ಒಂದಡಿ ದೂರದಿಂದ ಎರಡು ಸೆಕೆಂಡ್ ತೋರಿಸಿ ಬ್ರಷ್ ಮಾಡಿದ್ರೆ ನೂಲು ಎದ್ದೇಳತ್ತೆ, ಜಾಸ್ತಿ ಹೊತ್ತು ಹಿಡಿದ್ರೆ ಕೆಳಗಿನ ಗೋಂದು ಬಿಟ್ಟುಬಿಡತ್ತೆ. ಮಳೆಗಾಲದ ಬೂಸ್ಟು ಬಂದಿದ್ರೆ ಬೆಳಗಿನ ಎಳೆ ಬಿಸಿಲಲ್ಲಿ ಸ್ವಲ್ಪ ಹೊತ್ತು ಬಿಚ್ಚಿಡಿ. ಮಧ್ಯಾಹ್ನದ ಬಿಸಿಲಲ್ಲಿ ಇಟ್ರೆ ಬಣ್ಣ ಹೋಯ್ತು.

ಈಗ ಹೊರಗೆ. ಚರ್ಮ ಆದ್ರೆ ಹಿಂಡಿದ ಒದ್ದೆ ಬಟ್ಟೇಲಿ ಒರೆಸಿ, ಒಣಗಿದ ಮೇಲೆ ಶೂ ಅಂಗಡೀಲಿ ಸಿಗೋ ಬಣ್ಣ ಇಲ್ಲದ ಲೆದರ್ ಕ್ರೀಮ್ ತೆಳ್ಳಗೆ. ಕೊಬ್ಬರಿ ಎಣ್ಣೆ ಬೇಡ, ಕಪ್ಪಾಗಿ ಮುಗ್ಗಲು ವಾಸನೆ ಹೊಡಿಯತ್ತೆ. ಮೂಲೇಲಿ ಚರ್ಮ ಎದ್ದಿದ್ರೆ ಹಲ್ಲುಕಡ್ಡಿ ತುದೀಲಿ ಫೆವಿಕಾಲ್ ಹಚ್ಚಿ, ಮೇಲೆ ಬಟರ್ ಪೇಪರ್ ಇಟ್ಟು ಬಟ್ಟೆ ಕ್ಲಿಪ್ ಹಾಕಿ ರಾತ್ರಿ ಬಿಡಿ.

ಲೋಹದ ಡಬ್ಬೀನ ಜನ ಹಾಳು ಮಾಡೋದೇ ಜಾಸ್ತಿ. ಹುಣಸೆಹಣ್ಣು, ಸಬೀನಾ, ಬ್ರಾಸೋ ಹಾಕಿ ಪೂಜೆ ಪಾತ್ರೆ ಬೆಳಗಿದ ಹಾಗೆ ತಿಕ್ಕಿದ್ರೆ ಬರೋ ಹೊಳಪು ಹಿತ್ತಾಳೇದು, ಬೆಳ್ಳಿ ಪದರ ಬಟ್ಟೆಗೆ ಹೋಗಿರತ್ತೆ. ಬೆಚ್ಚಗಿನ ನೀರಲ್ಲಿ ನಾಲ್ಕು ಹನಿ ಪಾತ್ರೆ ಲಿಕ್ವಿಡ್, ಅದರಲ್ಲಿ ಅದ್ದಿ ಹಿಂಡಿದ ಹತ್ತಿ, ಕೆತ್ತನೆ ಸಂದಿಗೆ ಮೆತ್ತನೆ ಟೂತ್‌ಬ್ರಷ್, ಅಷ್ಟೇ. ಮೂಲೇಲಿ ಹಳದಿ ಇಣುಕ್ತಿದ್ರೆ ಅಲ್ಲಿ ಕೈ ನಿಲ್ಲಿಸಿ. ಬೇಕಲೈಟನ್ನ ನೆನೆಹಾಕಬೇಡಿ, ಅದರೊಳಗೆ ಮರದ ಪುಡಿ ಬೆರೆಸಿರತ್ತೆ, ಮೇಲ್ಪದರ ಸವೆದಿದ್ರೆ ನೀರು ಹೀರತ್ತೆ. ಒರೆಸಿ, ಚಿಟಿಕೆ ಮೇಣ ಹಚ್ಚಿ ಉಜ್ಜಿ.

ಹಿಂಜ್ ಗಟ್ಟಿಯಾಗಿದ್ರೆ ಹೊಲಿಗೆ ಮಷಿನ್ ಎಣ್ಣೆ ಸೂಜಿ ತುದೀಲಿ ಒಂದು ಹನಿ. ಚೆಲ್ಲಿದ್ರೆ ಮಖಮಲ್ಲಿಗೆ ಕಲೆ ಖಾಯಂ.

ಬ್ರಿಟಿಷರ ರೋಲ್ಸ್ ರೇಜರ್ ಸಿಕ್ಕಿದ್ರೆ ಕಥೆನೇ ಬೇರೆ, ಅಲ್ಲಿ ಡಬ್ಬಿನೇ ಮಷಿನ್ನು. ಒಂದು ಮುಚ್ಚಳದಲ್ಲಿ ಸಾಣೆಕಲ್ಲು, ಇನ್ನೊಂದರಲ್ಲಿ ಚರ್ಮದ ಪಟ್ಟಿ. ಹಿಡಿ ಹಿಂದೆ ಮುಂದೆ ಎಳೆದ್ರೆ ಪ್ರತಿ ತುದೀಲೂ ಬ್ಲೇಡ್ ಟಕ್ ಅಂತ ಮಗ್ಗುಲು ಬದಲಿಸತ್ತೆ, ಸುಮ್ನೆ ಆಡಿಸ್ತಾ ಕೂರೋಣ ಅನ್ಸತ್ತೆ! ಕೊಳ್ಳೋ ಮುಂಚೆ ಕಲ್ಲು ಸೀಳಿದ್ಯಾ ನೋಡಿ. ಸೀಳಿದ್ರೆ ಶೋಕೇಸ್‌ಗೆ ಮಾತ್ರ.

ಡಬ್ಬಿ, ರೇಜರ್ ಎರಡೂ ಒಂದೇ ಕಾಲದ್ದಾ ಅಂತಾನೂ ನೋಡಿ, ವ್ಯಾಪಾರಿಗಳು ಸಿಕ್ಕಿದ್ದನ್ನ ಸಿಕ್ಕಿದ್ದಕ್ಕೆ ಜೋಡಿಸ್ತಾರೆ. 50ರ ದಶಕದ ಅಮೆರಿಕನ್ ಜಿಲೆಟ್ ಮೇಲೆ ಒಂದು ಅಕ್ಷರ, ಒಂದು ಅಂಕಿ ಇರತ್ತೆ: ಎ ಅಂದ್ರೆ 1955, ಡಿ ಅಂದ್ರೆ 1958, ಅಂಕಿ ಆ ವರ್ಷದ ಎಷ್ಟನೇ ಮೂರು ತಿಂಗಳು ಅಂತ. ಗುಳಿಯಲ್ಲಿ ರೇಜರ್ ಅಲ್ಲಾಡ್ತಿದ್ರೆ ಅನುಮಾನ ಪಡಿ.

ಇಡೋವಾಗ ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನುಸಿ ಗುಳಿಗೆ ಬೇಡ. ಈಗಿನ ಡಬಲ್ ಎಡ್ಜ್ ಬ್ಲೇಡು ಆ ಹಳೇ ಜಿಲೆಟ್‌ಗೂ ಕೂರತ್ತೆ, ಹಾಗಾಗಿ ಶೇವ್ ಮಾಡೋದಕ್ಕೇನೂ ಅಡ್ಡಿ ಇಲ್ಲ, ಆದ್ರೆ ರೇಜರ್ ಪೂರ್ತಿ ಒಣಗೋವರೆಗೂ ಡಬ್ಬಿ ಒಳಗೆ ಇಡಬೇಡಿ.