ದೊಡ್ಡ ಬೆಕ್ಕೂ ಹೊಸ ಜಾಗದಲ್ಲಿ ನಿಲ್ಲುತ್ತದೆ: ಕಾಫಿ ಗೋಡೌನಿನಲ್ಲಿ 25 ದಿನದ ಗೂಡು

ಮರಿಗಳಿಗೆ ಮನೆ ಹುಡುಕುವುದು ಅಂಥ ಕಷ್ಟವಲ್ಲ. ಏಳೆಂಟು ವಾರದೊಳಗೆ ಕೈಗೆ ಸಿಕ್ಕರೆ ಹದಿನೈದು ದಿನದಲ್ಲಿ ಮಡಿಲಿಗೆ ಬರುತ್ತವೆ. ಮಡಿಕೇರಿ, ಕುಶಾಲನಗರದಲ್ಲಿ ಕೇಳುವವರೂ ಇದ್ದಾರೆ. ತಲೆನೋವು ಎಂದರೆ ಎರಡು ಮೂರು ವರ್ಷದ, ಮನುಷ್ಯರನ್ನು ಕಂಡರೆ ಬುಸ್ಸೆನ್ನುವ ಬೀದಿ ಬೆಕ್ಕುಗಳು. ಅವನ್ನು ಬೇರೆಡೆ ಬಿಟ್ಟರೆ ನಿಲ್ಲುವುದಿಲ್ಲ, ಹೊಳೆ ದಾಟಿಸಿದರೂ ಹಳೇ ಜಾಗಕ್ಕೇ ಬರುತ್ತವೆ ಎಂದು ತೋಟದ ಲೆಕ್ಕ ನೋಡುವ ರೈಟರ್‌ಗಳೂ ಹೇಳಿದರು, ಬೆಕ್ಕು ಹಿಡಿಯುವವರೂ ಹೇಳಿದರು. ಈಗ ಲೆಕ್ಕ ಹಾಕಿದರೆ ಮೂವತ್ತರ ಹತ್ತಿರ ದೊಡ್ಡ ಬೆಕ್ಕುಗಳು ಕಾಫಿ ಗೋಡೌನ್‌ಗಳಲ್ಲಿ, ಕಣದ ಶೆಡ್‌ಗಳಲ್ಲಿ ನಿಂತಿವೆ. ಓಡಿಹೋದದ್ದು ಏಳೋ ಎಂಟೋ, ಹೆಚ್ಚಿನವು ಮೊದಲ ವರ್ಷದ್ದೇ.

ಗೋಡೌನೇ ಯಾಕೆ? ಪಾಪದ ಪ್ರಾಣಿ, ಇಟ್ಟುಕೊಳ್ಳಿ ಎಂದರೆ ಯಾರೂ ಬಾಗಿಲು ತೆಗೆಯುವುದಿಲ್ಲ. ಗೋಣಿಚೀಲವನ್ನು ಇಲಿ ಕಡಿಯುತ್ತಿದೆಯಾ ಎಂದು ಕೇಳಿ ನೋಡಿ, ಸಾವ್ಕಾರ್ರೇ ಜೀಪ್ ಕಳಿಸುತ್ತಾರೆ. ನನ್ನ ಷರತ್ತು ಎರಡೇ: ದಿನಾ ಊಟ ಹಾಕಬೇಕು, ಇಲಿ ಪಾಷಾಣ ಪೂರ್ತಿ ನಿಲ್ಲಿಸಬೇಕು. ಬ್ರೊಮಾಡಿಯೊಲೋನ್ ಎಂಬ ಪಾಷಾಣ ತಿಂದ ಇಲಿ ಸಾಯಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಅದರ ಓಟ ನಿಧಾನವಾಗಿ ಬೆಕ್ಕಿನ ಬಾಯಿಗೇ ಸಿಗುತ್ತದೆ. ಚೀಲದ ಹುಳ ಸಾಯಲು ವಿಷದ ಮಾತ್ರೆ ಇಟ್ಟು ಹೊಗೆ ಹಾಕುವ ಗೋಡೌನ್ ಆದರೆ ಮಾತೇ ಬೇಡ, ಎದ್ದು ಬನ್ನಿ.

ಹೊಸ ಜಾಗ ಒಗ್ಗಲೆಂದು ಬೆಕ್ಕನ್ನು ಗೋಡೌನಿನೊಳಗೇ ಗೂಡಿನಲ್ಲಿ ಕೂಡಿಹಾಕುತ್ತೇನೆ. ಮೊದಲು ಇಟ್ಟಿದ್ದು 10 ದಿನ. ಬಾಗಿಲು ತೆಗೆದ ರಾತ್ರಿಯೇ ಮಾಯ. 14 ದಿನಕ್ಕೆ ಏರಿಸಿದರೆ ನಾಲ್ಕರಲ್ಲಿ ಎರಡು ನಿಂತವು. 20 ದಾಟಿದ ಮೇಲೆ ಓಡುವುದು ಕಡಿಮೆಯಾಯಿತು, ಈಗ 25ಕ್ಕೆ ಒಂದು ದಿನವೂ ಇಳಿಸುವುದಿಲ್ಲ. ಒಂಟಿ ಬೆಕ್ಕನ್ನು ಇಟ್ಟದ್ದು ಇನ್ನೊಂದು ತಪ್ಪು. ಒಂದೇ ಕಡೆ ಹಿಡಿದ, ಒಂದರ ವಾಸನೆ ಇನ್ನೊಂದಕ್ಕೆ ಗೊತ್ತಿರುವ ಜೋಡಿ ಬೇಕು. ಸಂತಾನಹರಣ ಆಪರೇಷನ್ ಆಗದ ಗಂಡು ಬೆಕ್ಕನ್ನು ಮಾತ್ರ 25 ದಿನ ಅಲ್ಲ, 50 ದಿನ ಕೂಡಿಹಾಕಿದರೂ ಪ್ರಯೋಜನವಿಲ್ಲ, ಹೆಣ್ಣಿನ ಕೂಗು ಕೇಳಿದರೆ ಹೊರಟೇಬಿಡುತ್ತದೆ. ಮೊದಲು ಆಪರೇಷನ್, ಎಡ ಕಿವಿಯ ತುದಿ ಕತ್ತರಿಸಿದ ಗುರುತು, ಆಮೇಲೆ ಗೂಡು. ಆಪರೇಷನ್ ಆದ ಗಂಡೂ ಕೆಲವು ವಾರ ಹೆಣ್ಣನ್ನು ಗಬ್ಬ ಮಾಡಬಲ್ಲದು. ಆ ಅವಧಿಯ ಬಹುಪಾಲು ಗೂಡಿನಲ್ಲೇ ಕಳೆದುಹೋಗುವುದು ಒಂದು ಲಾಭ.

ಗೂಡಿನ ಅಳತೆ ಉದ್ದ 4 ಅಡಿ, ಅಗಲ 3, ಎತ್ತರ 4. ಒಂದಿಂಚಿನ ವೆಲ್ಡ್ ಮೆಶ್ಶೇ ಆಗಬೇಕು. ಕೋಳಿ ಬಲೆ ಹಾಕಿ ಒಂದು ಬೆಕ್ಕಿನ ಕೋರೆಹಲ್ಲು ಮುರಿದಿದೆ. ಮೂರು ಕಡೆ ಗೋಣಿ ಹೊದಿಸಿ. ಒಳಗೆ ಅಡಗಲು ರಟ್ಟಿನ ಪೆಟ್ಟಿಗೆ, ಅದರ ಬಾಯಿಗೆ ಜಾರುವ ಹಲಗೆ. ಬೆಕ್ಕು ಒಳಗೆ ಹೊಕ್ಕಾಗ ಹಲಗೆ ತಳ್ಳಿದರೆ ಮಲಮೂತ್ರದ ಟ್ರೇ ಕ್ಲೀನ್ ಮಾಡುವಾಗ ಕೈ ಹರಿಯುವುದಿಲ್ಲ. ಮರದ ಪೆಟ್ಟಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಪಾರ್ವೊ ಎಂಬ ವೈರಸ್ ರೋಗ ಬಂದರೆ ಅದನ್ನು ತೊಳೆದು ಶುದ್ಧ ಮಾಡಲಾಗದು, ರಟ್ಟಾದರೆ ಸುಟ್ಟುಬಿಡಬಹುದು. ಬೆಕ್ಕಿನ ಪಾರ್ವೊ ಫಿನೈಲಿಗೆ ಬಗ್ಗುವುದಿಲ್ಲ, ಒಂದು ವರ್ಷದವರೆಗೂ ಜಾಗದಲ್ಲಿ ಉಳಿಯಬಲ್ಲದು. ಮೇಲಾಗಿ ಫಿನೈಲ್ ಬೆಕ್ಕಿಗೇ ವಿಷ. ಲೀಟರ್ ನೀರಿಗೆ ಬಟ್ಟೆಗೆ ಹಾಕುವ ಬ್ಲೀಚ್ 30 ಮಿ.ಲೀ. ಬೆರೆಸಿ ಮೆಶ್ ತೊಳೆದು ಹತ್ತು ನಿಮಿಷ ಬಿಡಿ, ಆಮೇಲೆ ನೀರು ಸುರಿದು ಬಿಸಿಲಿಗೆ ಇಡಿ.

ಟ್ರೇಗೆ ಏನು ಹಾಕುವುದು ಎಂದು ಒಂದು ಇಡೀ ಬೇಸಿಗೆ ಆಟವಾಡಿದ್ದೇನೆ. ಭತ್ತದ ಹೊಟ್ಟು ಹಗುರ, ಕೆರೆದರೆ ಗೋಡೌನ್ ತುಂಬ ಹಾರುತ್ತದೆ. ಕಾಫಿ ಹೊಟ್ಟು ಪುಕ್ಕಟೆ ಸಿಗುತ್ತದಲ್ಲ ಎಂದು ಹಾಕಿದೆ, ನಾಲ್ಕೇ ದಿನದಲ್ಲಿ ಬೂಷ್ಟು. ಅದೂ ಅಲ್ಲದೆ ಚೆರಿ ಸಿಪ್ಪೆಯಲ್ಲಿ ಕೆಫೀನ್ ಇರುತ್ತದೆ, ಬೆಕ್ಕಿಗೆ ಆಗದು, ಪಂಜ ನೆಕ್ಕಿಕೊಂಡರೂ ಹೊಟ್ಟೆಗೇ ಹೋಗುವುದು. ಕೊನೆಗೆ ನಿಂತದ್ದು ಸಿಲ್ವರ್ ಓಕಿನ ಮರದ ಹುಡಿ. ಮಿಲ್ಲಿನಲ್ಲಿ ಚೀಲಕ್ಕೆ ಮೂವತ್ತೋ ನಲವತ್ತೋ ರೂಪಾಯಿ.

ಟ್ರ್ಯಾಪ್ ಇಟ್ಟು ಬೆಕ್ಕು ಹಿಡಿಯುವ ಬಗ್ಗೆ ಇಲ್ಲಿಯ ಎರಡು ಮಾತು ಮಾತ್ರ. ಮಳೆಯಲ್ಲಿ ಮೀನಿನ ವಾಸನೆ ಹತ್ತಡಿ ಹೋಗುವುದಿಲ್ಲ, ಜೂನ್, ಜುಲೈನಲ್ಲಿ ಟ್ರ್ಯಾಪ್ ಇಡುವುದೇ ದಂಡ. ಬೇರೆ ತಿಂಗಳಲ್ಲಿ ಒಣಮೀನನ್ನು ಕೆಂಡದ ಮೇಲೆ ಒಂದು ಸುತ್ತು ಸುಟ್ಟು ಇಡಿ. ಅದಕ್ಕೆ ಇನ್ನೊಂದು ವಸ್ತು ಸವರುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಕಾಫಿ ಹಣ್ಣಾಗುವ ಕಾಲದಲ್ಲಿ ಟ್ರ್ಯಾಪಿಗೆ ಪುನುಗು ಬೆಕ್ಕು ಬೀಳುವುದುಂಟು. ಅದು ವನ್ಯಜೀವಿ ಕಾಯ್ದೆಗೆ ಸೇರಿದ ಪ್ರಾಣಿ, ಫೋಟೋ ತೆಗೆಯುತ್ತಾ ಕೂರದೆ ಬಾಗಿಲು ಎತ್ತಿಬಿಡಿ. ಬೆಕ್ಕಾಗಲಿ ಪುನುಗಾಗಲಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಇಂಜೆಕ್ಷನ್‌ಗೆ ಹೋಗಿ. ಈ ಕೆಲಸ ಮಾಡುವವರು ಮೊದಲೇ ಹಾಕಿಸಿಕೊಂಡಿರುವುದು ಒಳ್ಳೆಯದು.

ಗೂಡಿನಲ್ಲಿರುವಾಗ ಊಟ ಬೆಳಿಗ್ಗೆ ಏಳು, ಸಂಜೆ ಐದೂವರೆ. ಹಾಕುವವರು ಮೇಸ್ತ್ರಿಯೋ ಕಾರ್ಮಿಕರ ಲೈನ್ ಮನೆಯವರೋ, ಮುಂದೆಯೂ ಹಾಕುವವರೇ ಆಗಿರಬೇಕು, ನಾನಲ್ಲ. ಪ್ರತಿ ಸಲ ಅದೇ ತಗಡಿನ ಡಬ್ಬಿ ಬಡಿಯಬೇಕು. ಒಣ ಆಹಾರವಾದರೆ ನಾಲ್ಕು ಕೆ.ಜಿ. ಬೆಕ್ಕಿಗೆ ದಿನಕ್ಕೆ 50ರಿಂದ 60 ಗ್ರಾಂ. ಬರೀ ಅನ್ನ, ಹಾಲು ಹಾಕಿ ಸಾಕುತ್ತೇವೆ ಎನ್ನುವವರಿಗೆ ಕೊಡಬೇಡಿ. ಮೀನು, ಮಾಂಸದಿಂದ ಸಿಗುವ ಟಾರಿನ್ ಎಂಬ ಪೋಷಕಾಂಶ ಇಲ್ಲದಿದ್ದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ.

25ನೇ ದಿನ ಬೆಳಗಿನ ಊಟ ಇಲ್ಲ. ಸಂಜೆ ಗೂಡಿನ ಬಾಗಿಲು ತೆಗೆದು ಎಲ್ಲರೂ ಹೊರಗೆ ಹೋಗಿಬಿಡಬೇಕು, ಬೆಕ್ಕನ್ನು ಎಳೆಯಬಾರದು. ಒಂದು ಗಂಟೆ ಬಿಟ್ಟು ಡಬ್ಬಿ. ಹಳೇ ಟ್ರೇಯ ಹುಡಿಯನ್ನು ಹಿಂದಿನ ದಿನವೇ ಗೋಡೌನಿನ ನಾಲ್ಕು ಮೂಲೆಗೆ ಹೊರಗಿನಿಂದ ಒಂದೊಂದು ಹಿಡಿ ಚೆಲ್ಲಿರಬೇಕು. ಗೂಡು ಇನ್ನೂ ಹತ್ತು ದಿನ ಅಲ್ಲೇ ತೆರೆದಿರಲಿ. ಗೋಡೌನಿನ ಬಾಗಿಲ ಬುಡದಲ್ಲಿ ಆರಿಂಚಿನ ಕಂಡಿ, ಒಳಗೆ ಆಳೆತ್ತರದಲ್ಲಿ ಹಲಗೆ. ಚಿರತೆ ತಿರುಗುವ ತೋಟವಾದರೆ ಕತ್ತಲಾದ ಮೇಲೆ ಕಂಡಿ ಮುಚ್ಚಲೇಬೇಕು.

ಖರ್ಚು: ಗೂಡಿಗೆ ನಾಲ್ಕು ಸಾವಿರದ ಒಳಗೆ, ಟ್ರ್ಯಾಪಿಗೆ ಎರಡು ಚಿಲ್ಲರೆ. ಬೆಕ್ಕೊಂದಕ್ಕೆ ಆಪರೇಷನ್, ಲಸಿಕೆ, ಹುಳದ ಔಷಧಿ, ಜೀಪಿನ ಡೀಸೆಲ್ ಸೇರಿ ಮೂರೂವರೆ ಸಾವಿರದಷ್ಟು. ಮೊದಲು ಎಲ್ಲವೂ ನನ್ನ ಜೇಬಿನದೇ. ಈಗ ಆಪರೇಷನ್ ದುಡ್ಡು ಗೋಡೌನಿನವರದು. ದುಡ್ಡು ಕೊಟ್ಟವರು ಊಟ ಹಾಕಲು ಮರೆಯುವುದು ಕಡಿಮೆ. ಮೂರ್ನಾಲ್ಕು ಬೆಕ್ಕುಗಳಂತೂ ಗೋಡೌನ್ ಬಿಟ್ಟು ಲೈನ್ ಮನೆಯ ಒಲೆ ಪಕ್ಕ ಸೇರಿಕೊಂಡಿವೆ. ಇಲಿ ಹಿಡಿಯಲು ಇನ್ನೊಂದು ಜೋಡಿ ಬೇಕು ಎಂದು ರೈಟರ್ ಕೇಳುತ್ತಿದ್ದಾರೆ.

ಮೇ ಅರ್ಧ ದಾಟಿದ ಮೇಲೆ ಹೊಸ ಗೂಡು ಹಾಕುವುದಿಲ್ಲ. ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಬೆದರಿದ ಬೆಕ್ಕು ಮೂರು ದಿನ ಊಟ ಮುಟ್ಟಿರಲಿಲ್ಲ. ಮೂರೂ ಗೂಡು ಈಗ ಬ್ಲೀಚಿನಲ್ಲಿ ತೊಳೆದು ಒಣಗಿವೆ, ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಇಳಿದ ಮೇಲೆ ಮೊದಲನೆಯದು ರೈಟರ್ ಕೇಳಿದ ಆ ಜೋಡಿಗೆ.