ಸಿಡಿಲಿಗೆ ಸುಟ್ಟ ಬೋರ್ಡು, ಅದರೊಂದಿಗೆ ಹೋದ ಲೈಸೆನ್ಸು

ತೀರ್ಥಹಳ್ಳಿಯಲ್ಲಿ ಲಗ್ನಪತ್ರಿಕೆ, ಬಿಲ್ ಪುಸ್ತಕ, ಸಹಕಾರ ಸಂಘಗಳ ವಾರ್ಷಿಕ ವರದಿ ಮುಂತಾದವನ್ನು ಅಚ್ಚು ಹಾಕುವ ಸಣ್ಣ ಮುದ್ರಣಾಲಯ ನನ್ನದು. ಅಲ್ಲಿರುವ ಮೂರು ಕಂಪ್ಯೂಟರುಗಳಲ್ಲಿ ಅತಿ ಹಳೆಯದು ಈಗಲೂ ವಿಂಡೋಸ್ ಎಕ್ಸ್‌ಪಿಯಲ್ಲೇ ನಡೆಯುತ್ತಿದೆ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿಯೇ ಬೆಂಬಲ ನಿಂತುಹೋಗಿದ್ದರೂ ಅದನ್ನು ಬಿಡಲಾಗದಂತೆ ಕಟ್ಟಿಹಾಕಿರುವುದು ಹೆಬ್ಬೆರಳು ಗಾತ್ರದ ಒಂದು ಡಾಂಗಲ್.

ನಾನು ಕೊಂಡ ಕನ್ನಡ ಡಿಟಿಪಿ (ಪುಟವಿನ್ಯಾಸ) ತಂತ್ರಾಂಶವು, ಹಿಂದೆ ಪ್ರಿಂಟರ್ ಜೋಡಿಸುತ್ತಿದ್ದ 25 ಪಿನ್ನಿನ ಪ್ಯಾರಲಲ್ ಪೋರ್ಟಿಗೆ ಆ ಡಾಂಗಲ್ ಸಿಕ್ಕಿಸಿದ್ದರೆ ಮಾತ್ರ ತೆರೆದುಕೊಳ್ಳುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಜೋಡಿಸುವ ಕೇಬಲ್ ತಂದು ಪ್ರಯತ್ನಿಸಿದೆನಾದರೂ, ಅದು ಪ್ರಿಂಟರಿಗೆ ಕೆಲಸ ಕೊಟ್ಟೀತೇ ಹೊರತು ಡಾಂಗಲನ್ನು ಗುರುತಿಸಲಿಲ್ಲ. ಮಾರಿದವರನ್ನು ವಿಚಾರಿಸಿದರೆ, ಆ ಆವೃತ್ತಿ ನಿಂತಿದೆ, ಹೊಸದನ್ನು ಕೊಳ್ಳಿ ಎಂದರು. ನಮ್ಮ ಮಳೆಗಾಲದ ಶೀತಕ್ಕೆ ಪಿನ್ನುಗಳು ಕಿಲುಬು ಹಿಡಿಯುವುದರಿಂದ ರಾತ್ರಿ ಅದನ್ನು ಹುರಿದ ಅಕ್ಕಿಯ ಡಬ್ಬಿಯಲ್ಲಿಟ್ಟು ಬಾಗಿಲು ಹಾಕುತ್ತೇನೆ. ಮನೆಯಲ್ಲಿ ಉಪ್ಪಿಗೂ ಇಷ್ಟು ಉಪಚಾರವಿಲ್ಲ.

ಎರಡನೆಯ ಯಂತ್ರದ ಮದರ್‌ಬೋರ್ಡ್ ಮುಂಗಾರಿಗೆ ಮುಂಚಿನ ಸಿಡಿಲಿಗೆ ಸುಟ್ಟಿತು. ಶಿವಮೊಗ್ಗದಿಂದ ಬೇರೆ ಮಾದರಿಯ ಬೋರ್ಡ್ ತರಿಸಿ ಹಾಕಿದಾಗ ಕಡತಗಳೆಲ್ಲ ಕ್ಷೇಮವಾಗಿದ್ದವು, ಆದರೆ ಯಂತ್ರದೊಂದಿಗೇ ಬಂದ ವಿಂಡೋಸ್‌ನ ಓಇಎಂ (ಕಂಪ್ಯೂಟರ್ ತಯಾರಕರ ಮೂಲಕ ಸಿಗುವ) ಲೈಸೆನ್ಸ್ ಹಳೆಯ ಬೋರ್ಡಿಗೇ ಸೇರಿದ್ದಾದ್ದರಿಂದ ಆ್ಯಕ್ಟಿವೇಟ್ ಆಗಲಿಲ್ಲ. ಕ್ಯಾಬಿನೆಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಕೀ ಇತ್ತು, ಡ್ರಾಯರಿನಲ್ಲಿ ರಸೀದಿಯೂ ಇತ್ತು. ಎರಡೂ ಪ್ರಯೋಜನಕ್ಕೆ ಬರಲಿಲ್ಲ. ಪರಿಚಯದ ಹುಡುಗನೊಬ್ಬ, ಲೈಸೆನ್ಸ್ ಇಲ್ಲದೆಯೇ ನಡೆಯುವಂತೆ ಮಾಡುವ ಕ್ರ್ಯಾಕ್ ಹಾಕಿಕೊಡುತ್ತೇನೆಂದ. ಸಂಘಗಳ ಲೆಕ್ಕಪತ್ರ ಬರುವ ಯಂತ್ರಕ್ಕೆ ಎಲ್ಲಿಂದಲೋ ಬಂದ ಕಡತವನ್ನು ಸೇರಿಸಲು ನಾನು ಒಪ್ಪಲಿಲ್ಲ.

ಆ ಯಂತ್ರಕ್ಕೆ ಉಚಿತವಾಗಿ ಸಿಗುವ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮತ್ತು ಕಚೇರಿ ತಂತ್ರಾಂಶ ಲಿಬ್ರೆಆಫೀಸ್ ಹಾಕಿದೆ. ನಾನು ಬಳಸುವ ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಅಲ್ಲಿಯೂ ಇರುವುದರಿಂದ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ. ತೊಡಕಾದದ್ದು ಹಳೆಯ ಕಡತಗಳಲ್ಲಿ. ಅವು ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತವಾದ ಯೂನಿಕೋಡ್‌ಗೆ ಮುಂಚಿನ ಫಾಂಟಿನವಾದ್ದರಿಂದ ಇಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪರಿವರ್ತಕದಿಂದ ಬದಲಿಸಿದರೂ ಅರ್ಕಾವತ್ತು ಅಲ್ಲಲ್ಲಿ ಸ್ಥಳ ತಪ್ಪುತ್ತದೆ. ನಲವತ್ತು ಪುಟದ ವರದಿಯೊಂದರ ಕರಡು ತಿದ್ದುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ಆದ್ದರಿಂದ ಪ್ರತಿವರ್ಷ ಮರಳಿ ಬರುವ ವರದಿಗಳನ್ನಷ್ಟೇ ಬದಲಿಸಿಕೊಂಡು, ಲಗ್ನಪತ್ರಿಕೆಗಳನ್ನು ಎಕ್ಸ್‌ಪಿಯಲ್ಲೇ ಉಳಿಸಿದ್ದೇನೆ. ಅದರ ಇಂಟರ್ನೆಟ್ ತಂತಿ ತೆಗೆದಿದ್ದೇನೆ. ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಸಾಗಿಸುತ್ತೇನೆ.

ಮೂರನೆಯದರಲ್ಲಿ ವಿಂಡೋಸ್ 10 ಇದೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆ ಟಿಪಿಎಂ 2.0 ಈ ಯಂತ್ರದಲ್ಲಿಲ್ಲ. ಇದಕ್ಕೂ ಲಿನಕ್ಸ್ ಹಾಕುವವನಿದ್ದೇನೆ. ಎಕ್ಸ್‌ಪಿ ಯಂತ್ರಕ್ಕೆಂದು, ಪ್ಯಾರಲಲ್ ಪೋರ್ಟ್ ಇರುವ ಅದೇ ಮಾದರಿಯ ಎರಡು ಬೋರ್ಡುಗಳನ್ನು ಗುಜರಿ ಅಂಗಡಿಯಿಂದ ತಂದಿಟ್ಟಿದ್ದೇನೆ.